ಸೂರಿನ ಹಕ್ಕು ಹುಟ್ಟಿದ ಬಗೆ

‘ಸ್ಟೌ ಸಿಡಿದು ಗೃಹಿಣಿ ಸಾವು.’ ಎಂಬತ್ತು, ತೊಂಬತ್ತರ ದಶಕದ ಪತ್ರಿಕೆಗಳ ಒಳಪುಟದಲ್ಲಿ ಈ ಸುದ್ದಿಗೆ ಬರವಿರಲಿಲ್ಲ. ಸಾಯುತ್ತಿದ್ದವರು ಹೆಚ್ಚಾಗಿ ಎಳೆಯ ಸೊಸೆಯಂದಿರು. ಬೆಂಗಳೂರಿನ ‘ವಿಮೋಚನಾ’ ಸಂಘಟನೆಯ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ, ಅಪಘಾತವೆಂದು ಮುಚ್ಚಿಹೋಗುತ್ತಿದ್ದ ಸಾವುಗಳ ಬೆನ್ನು ಹತ್ತಿದರು.

ಗಂಡ ಮತ್ತವನ ಮನೆಯವರ ಕ್ರೌರ್ಯವನ್ನು ಅಪರಾಧವಾಗಿಸಿದ, ಭಾರತೀಯ ದಂಡ ಸಂಹಿತೆಯ 498ಎ ಕಲಮು 1983ರಲ್ಲೇ ಬಂದಿತ್ತು. ಆದರೆ ಠಾಣೆಯಲ್ಲಿ ದೂರು ಕೊಟ್ಟವಳು ಆ ರಾತ್ರಿ ಮಲಗುವುದೆಲ್ಲಿ? ಅದಕ್ಕೆ ಕಾನೂನಿನಲ್ಲಿ ಉತ್ತರವಿರಲಿಲ್ಲ. ತವರಿನವರೋ, ‘ಹೊಂದಿಕೊಂಡು ಹೋಗಮ್ಮ’ ಎನ್ನುತ್ತಿದ್ದರು.

2002ರಲ್ಲಿ ಸಂಸತ್ತಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಮಸೂದೆ ‘ರೂಢಿಯಾಗಿ’ ಹೊಡೆದರೆ ಮಾತ್ರ ಹಿಂಸೆ ಎಂದಿತು. ತನ್ನ ಆಸ್ತಿ ಉಳಿಸಿಕೊಳ್ಳಲು ಹೊಡೆದೆ ಎಂದವನಿಗೂ ಅದರಲ್ಲಿ ರಿಯಾಯಿತಿ ಇತ್ತು. ಮಹಿಳಾ ಸಂಘಟನೆಗಳು ಸಿಡಿದೆದ್ದವು. ವಕೀಲೆ ಇಂದಿರಾ ಜೈಸಿಂಗ್ ಅವರ ‘ಲಾಯರ್ಸ್ ಕಲೆಕ್ಟಿವ್’ ಬೇರೆಯದೇ ಕರಡು ಬರೆದಿತ್ತು. ಕೊನೆಗೆ 2005ರಲ್ಲಿ ಅಂಗೀಕಾರವಾದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಮನೆ ಯಾರ ಹೆಸರಿನಲ್ಲಿದ್ದರೂ ಹೆಣ್ಣಿಗೆ ಅಲ್ಲಿ ವಾಸಿಸುವ ಹಕ್ಕಿದೆ ಎಂದಿತು 17ನೇ ಕಲಮು. ನನ್ನ ದೃಷ್ಟಿಯಲ್ಲಿ ಈ ಕಾಯ್ದೆಯ ಜೀವ ಇರುವುದೇ ಇಲ್ಲಿ.

ಎರಡೇ ತಿಂಗಳಲ್ಲಿ ಆ ಜೀವಕ್ಕೇ ಪೆಟ್ಟು ಬಿತ್ತು. ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅತ್ತೆಯ ಹೆಸರಿನ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲ ಎಂದಿತು. ಅದನ್ನು ಅದೇ ನ್ಯಾಯಾಲಯ ತಿದ್ದಿದ್ದು 2020ರ ಅಕ್ಟೋಬರಿನಲ್ಲಿ, ಅಹುಜಾ ಪ್ರಕರಣದಲ್ಲಿ. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಬೀದಿಗೆ ಬಿದ್ದವರಿಗೆ ಆ ತಿದ್ದುಪಡಿಯಿಂದ ಏನು ದಕ್ಕೀತು?

ಈ ಕಾಯ್ದೆಯಡಿ ಭರ್ತಿ ಮಾಡುವ ಕೌಟುಂಬಿಕ ಘಟನಾ ವರದಿಯ ನಮೂನೆಯನ್ನು ಒಮ್ಮೆ ಓದಬೇಕು. ಗಾಯಗಳ ಜೊತೆಗೆ, ಗಂಡುಮಗು ಹೆರಲಿಲ್ಲವೆಂದು ಹಂಗಿಸಿದ್ದು, ಊಟ, ಬಟ್ಟೆ, ಔಷಧಿ ಕೊಡದಿದ್ದದ್ದು, ಸ್ತ್ರೀಧನ ಅಡವಿಟ್ಟದ್ದು ಎಲ್ಲಕ್ಕೂ ಅಲ್ಲಿ ಜಾಗವಿದೆ. ಅದನ್ನು ಬರೆದುಕೊಳ್ಳಬೇಕಾದವರು ಸಂರಕ್ಷಣಾಧಿಕಾರಿ. ನಮ್ಮ ತಾಲ್ಲೂಕುಗಳಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲಿಗಿದೆ, ಅಂಗನವಾಡಿಗಳ ಉಸ್ತುವಾರಿಯೂ ಅವರದೇ. ಮೊದಲ ವಿಚಾರಣೆಯಿಂದ ಅರವತ್ತು ದಿನದೊಳಗೆ ನ್ಯಾಯಾಲಯ ಅರ್ಜಿ ಇತ್ಯರ್ಥಕ್ಕೆ ಯತ್ನಿಸಬೇಕೆಂಬ ಕಾಯ್ದೆಯ ಮಾತಿಗೆ ಅರ್ಥ ಬರಬೇಕಾದರೆ ಪ್ರತಿ ತಾಲ್ಲೂಕಿಗೂ ಇದೊಂದೇ ಕೆಲಸದ ಅಧಿಕಾರಿ ಬೇಕು. ಮುಂದಿನ ಬಜೆಟ್ಟಿಗೆ ಮೊದಲೇ ನಿಮ್ಮ ಶಾಸಕರಲ್ಲಿ ಇದನ್ನು ಕೇಳಿ. ಪಕ್ಕದ ಮನೆಯಿಂದ ಚೀರಾಟ ಕೇಳಿದರೆ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181.