ಕಿವಿಯೊಳಗೆ ಒಂದು ಪುಟ್ಟ ಮಿಂಚು

ಸ್ಕೋಫೀಲ್ಡ್ಸ್‌ನಿಂದ ಮಾತಾಡ್ತಿದ್ದೇನೆ. ಇವತ್ತಿನ ವಿಷಯ ಕೇಳಿ "ಆಂಟೀ, ನೀವು ಓದಿದ್ದು ಕನ್ನಡ ಎಂ.ಎ. ಅಲ್ವಾ, ನಿಮಗ್ಯಾಕೆ ಕರೆಂಟಿನ ಉಸಾಬರಿ?" ಅಂತ ನೀವು ಕೇಳಬಹುದು. ಈ ಕೆಲಸ ನಡೆದದ್ದು ನಮ್ಮ ಸಿಡ್ನಿಯಲ್ಲೇ, ಅದೂ ಕಿವಿಯ ವಿಷಯದಲ್ಲಿ. ಕಿವಿಯ ಬಗ್ಗೆ ರೇಡಿಯೋದವರು ಮಾತಾಡದೆ ಇನ್ಯಾರು ಮಾತಾಡಬೇಕು?

ಮೊದಲು ಜೀವಕೋಶ. ನಮ್ಮ ಮೈಯ ಪ್ರತಿ ಕೋಶದ ಸುತ್ತ ಒಂದು ಪೊರೆ ಇದೆ. ಕೊಬ್ಬಿನ ಅಣುಗಳ ಎರಡು ಸಾಲು, ಅಷ್ಟೇ. ದಪ್ಪ ಸುಮಾರು 5 ನ್ಯಾನೋಮೀಟರ್. ಒಂದು ತಲೆಕೂದಲಿನ ಅಗಲದಲ್ಲಿ ಇಂಥ ಹತ್ತು ಸಾವಿರ ಪೊರೆಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ತಿಳಿಸಾರಿನ ಮೇಲೆ ತುಪ್ಪ ಬೆರೆಯದೆ ತೇಲುತ್ತದಲ್ಲ, ಹಾಗೆಯೇ ನೀರಿನಲ್ಲಿ ಕರಗುವ ದೊಡ್ಡ ಅಣುಗಳನ್ನು ಈ ಕೊಬ್ಬಿನ ಪೊರೆ ಒಳಗೆ ಸೇರಿಸುವುದಿಲ್ಲ. ಡಿಎನ್‌ಎ ಅಂಥ ಒಂದು ಅಣು. ಔಷಧಿಯಾಗಿ ಜೀನ್ ಕೊಡಬೇಕೆಂದರೆ ಈ ಬೇಲಿಯನ್ನು ದಾಟಿಸಬೇಕು.

ಪೊರೆಯ ಒಳಗೂ ಹೊರಗೂ ಸದಾ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ನರಕೋಶದಲ್ಲಿ ಸುಮಾರು 0.07 ವೋಲ್ಟ್. ಟಿವಿ ರಿಮೋಟಿನ ಒಂದು ಬ್ಯಾಟರಿಯೇ 1.5 ವೋಲ್ಟ್, ಇದೇನು ಮಹಾ ಅನ್ನಬೇಡಿ. ಪೊರೆಯ ದಪ್ಪದಿಂದ ಭಾಗಿಸಿ ನೋಡಿ: ಮೀಟರಿಗೆ 1.4 ಕೋಟಿ ವೋಲ್ಟ್! ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟ್ ಸಾಕು. ಅಂದರೆ ಗಾಳಿ ಸೋಲುವ ಕಡೆ ಈ ಪೊರೆ ಹಾಯಾಗಿ ನಿಂತಿರುತ್ತದೆ. ನನಗಂತೂ ಈ ಲೆಕ್ಕ ನೋಡಿದಾಗ ಅದರ ಮೇಲೆ ಗೌರವವೇ ಬಂತು.

ಹೊರಗಿನಿಂದ ಕ್ಷಣಮಾತ್ರ ವಿದ್ಯುತ್ ಕ್ಷೇತ್ರ ಕೊಟ್ಟು ಆ ವ್ಯತ್ಯಾಸವನ್ನು ಒಂದು ವೋಲ್ಟಿನ ಹತ್ತಿರಕ್ಕೆ ಏರಿಸಿದರೆ ಮಾತ್ರ ಪೊರೆ ತಡೆಯಲಾರದು. ಕೊಬ್ಬಿನ ಅಣುಗಳು ಪಕ್ಕಕ್ಕೆ ಸರಿಯುತ್ತವೆ, ನಡುವೆ ನೀರು ನುಗ್ಗಿ ಅತಿ ಸಣ್ಣ ತೂತುಗಳಾಗುತ್ತವೆ. ಪಕ್ಕದಲ್ಲಿದ್ದ ಡಿಎನ್‌ಎಗೆ ಋಣ ವಿದ್ಯುದಂಶ ಇರುವುದರಿಂದ ಅದೇ ಕ್ಷೇತ್ರ ಅದನ್ನು ಪೊರೆಯ ಕಡೆಗೆ ತಳ್ಳುತ್ತದೆ. ಕರೆಂಟು ನಿಂತ ಮೇಲೆ ತೂತುಗಳು ತಾವೇ ಮುಚ್ಚಿಕೊಳ್ಳುತ್ತವೆ. ಇದಕ್ಕೆ ಎಲೆಕ್ಟ್ರೋಪೊರೇಷನ್ ಎಂದು ಹೆಸರು. ಜರ್ಮನಿಯ ಎಬರ್‌ಹಾರ್ಡ್ ನಾಯ್ಮನ್ ಮತ್ತು ಸಂಗಡಿಗರು 1982ರಲ್ಲಿ ಹೀಗೆ ಇಲಿಯ ಕೋಶಗಳೊಳಗೆ ಜೀನ್ ಸೇರಿಸಿ ತೋರಿಸಿದರು.

ಕರೆಂಟು ಅತಿಯಾದರೆ ತೂತು ಮುಚ್ಚದೆ ಕೋಶ ಸಾಯುತ್ತದೆ. ವೈದ್ಯರು ಅದನ್ನೂ ಬಿಟ್ಟಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಸಿಡ್ನಿಯ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯಲ್ಲಿ ಇದನ್ನೇ ಬಳಸಿದ್ದಾರೆ.

ಈಗ ಕಿವಿಗೆ ಬರೋಣ. ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ, ಅದೇ ಕಾಕ್ಲಿಯಾ. ಅದರಲ್ಲಿ ಶಬ್ದವನ್ನು ಹಿಡಿಯುವ ಸುಮಾರು 15,000 ರೋಮಕೋಶಗಳು. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಂಥವರ ಕಾಕ್ಲಿಯಾದೊಳಗೆ ತಂತಿ ಇಳಿಸಿ ನೇರವಾಗಿ ನರಕ್ಕೇ ಕರೆಂಟು ಕೊಡಬೇಕೆಂದು ಹೊರಟವರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಒಬ್ಬರು. ಸುರುಳಿಯೊಳಗೆ ತಂತಿ ಇಳಿಯುವುದಾದರೂ ಹೇಗೆ? 1977ರಲ್ಲಿ ಕಯಾಮಾ ಬಳಿಯ ಮಿನ್ನಮರ್ರಾ ಬೀಚಿನಲ್ಲಿ ಕೂತು, ಒಂದು ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದರು. ತುದಿ ಬಳುಕುವಂತಿದ್ದು ಬುಡ ಗಟ್ಟಿಯಾಗಿದ್ದರೆ ಸಲೀಸಾಗಿ ಒಳಗೆ ಹೋಗುತ್ತದೆ ಎಂದು ಹೊಳೆಯಿತು. ಮುಂದಿನ ವರ್ಷವೇ ಮೆಲ್ಬರ್ನಿನಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದರು.

ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಮಾತು ತಿಳಿಯುತ್ತದೆ, ರಾಗ ಹಿಡಿಯುವುದು ಕಷ್ಟ. 15,000 ಕೋಶಗಳ ಕೆಲಸವನ್ನು 22 ಎಲೆಕ್ಟ್ರೋಡ್‌ಗಳು ಮಾಡಬೇಕಲ್ಲ! ಇನ್ನೊಂದು ತೊಂದರೆ, ರೋಮಕೋಶಗಳು ಸತ್ತ ಮೇಲೆ ನರದ ಎಳೆಗಳು ಹಿಂದೆ ಸರಿದುಬಿಡುತ್ತವೆ. ನಡುವಿನ ಅಂತರ ದಾಟಲು ಕರೆಂಟು ಹೆಚ್ಚು ಬೇಕು, ಅದು ಅಕ್ಕಪಕ್ಕಕ್ಕೂ ಹರಡಿ ಸ್ವರಗಳು ಕಲಸಿಹೋಗುತ್ತವೆ.

ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಗ್ಯಾರಿ ಹೌಸ್ಲಿ ಅವರ ತಂಡಕ್ಕೆ ಬಂದ ಯೋಚನೆ ಇದು: ತಂತಿ ಹೇಗೂ ಒಳಗಿದೆ, ತೂತು ಕೊರೆಯುವ ಕೆಲಸವನ್ನೂ ಅದಕ್ಕೇ ಒಪ್ಪಿಸಿದರೆ? ಕಿವುಡಾದ ಗಿನಿಪಿಗ್‌ಗಳ ಕಾಕ್ಲಿಯಾಗೆ ಡಿಎನ್‌ಎ ದ್ರಾವಣ ಬಿಟ್ಟು, ಎಲೆಕ್ಟ್ರೋಡ್‌ಗಳಿಂದಲೇ ಕೆಲವು ವಿದ್ಯುತ್ ಮಿಡಿತ ಕೊಟ್ಟರು. ಹತ್ತಿರದ ಕೋಶಗಳು ಜೀನ್ ಸೇರಿಸಿಕೊಂಡು ಬಿಡಿಎನ್‌ಎಫ್ ಎಂಬ ಪ್ರೋಟೀನ್ ತಯಾರಿಸತೊಡಗಿದವು. ಅದು ನರಕ್ಕೆ ಗೊಬ್ಬರ ಇದ್ದಹಾಗೆ. ಎಳೆಗಳು ಎಲೆಕ್ಟ್ರೋಡ್‌ಗಳ ಕಡೆಗೆ ಮತ್ತೆ ಚಿಗುರಿದವು, ಕಡಿಮೆ ಕರೆಂಟಿಗೇ ನರ ಸ್ಪಂದಿಸಿತು. ಇದು 2014ರಲ್ಲಿ ಪ್ರಕಟವಾಯಿತು. ಒಂದೆರಡು ತಿಂಗಳಲ್ಲಿ ಪ್ರೋಟೀನ್ ಕಡಿಮೆಯಾಯಿತು. ಇಂಪ್ಲಾಂಟಿನ ದಿನನಿತ್ಯದ ಮಿಡಿತವೇ ಚಿಗುರನ್ನು ಉಳಿಸೀತು ಎಂಬುದು ಹೌಸ್ಲಿಯವರ ನಿರೀಕ್ಷೆ.

ಊರಲ್ಲೋ ಇಲ್ಲೋ ನಿಮ್ಮ ಬಂಧುಗಳ ಮನೆಯಲ್ಲಿ ಕಿವಿ ಕೇಳದ ಮಗು ಇದ್ದರೆ, "ಹೊಸ ಜೀನ್ ಚಿಕಿತ್ಸೆ ಬರುತ್ತಂತೆ, ಕಾಯೋಣ" ಅನ್ನಲು ಬಿಡಬೇಡಿ. ಮೇಲೆ ಹೇಳಿದ್ದು ಗಿನಿಪಿಗ್‌ಗಳಲ್ಲಿ ಆದದ್ದು. ಮಗುವಿನ ಮಿದುಳು ಮಾತು ಕಲಿಯುವ ವಯಸ್ಸು ಮೊದಲ ಕೆಲವೇ ವರ್ಷ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ. ಮೊದಲು ಅಲ್ಲಿಗೆ ಕರೆದುಕೊಂಡು ಹೋಗಲು ಹೇಳಿ.