ಏರ್ ನದಿಯ ದಡಕ್ಕೆ ಬಂದ ಕಿಂದರಿಜೋಗಿ

ಇಂಗ್ಲೆಂಡಿನ ಕನ್ನಡ ಕುಟುಂಬಗಳು ಒಂದೆಡೆ ಸೇರಿದಾಗ, ಹೊಸಬರನ್ನು ಕಂಡೊಡನೆ ಉದ್ಯೋಗದ ವಿಚಾರಣೆ ನಡೆಯುವುದು ವಾಡಿಕೆ. ವೈದ್ಯರು, ಸಾಫ್ಟ್‌ವೇರ್ ಎಂಜಿನಿಯರುಗಳು ಎಂಬ ಉತ್ತರಗಳಿಗೆ ಒಗ್ಗಿದವರಿಗೆ "ಮಕ್ಕಳಿಗೆ ನಾಟಕ ಕಲಿಸುತ್ತೇನೆ" ಎಂಬ ನನ್ನ ಮಾತು ಅರ್ಧಕ್ಕೇ ನಿಂತಂತೆ ಕೇಳಿಸುತ್ತದೆ. "ಅದು ಸರಿ, ಕೆಲಸ ಎಲ್ಲಿ?" ಎಂದು ಮತ್ತೆ ಕೇಳುತ್ತಾರೆ. ಲೀಡ್ಸ್ ನಗರದಲ್ಲಿ ಅದೇ ನನ್ನ ಕೆಲಸ; ಅದೇ ನನ್ನ ಜೀವನೋಪಾಯ.

ನನ್ನ ರಂಗಾಭ್ಯಾಸ ಆರಂಭವಾದದ್ದು ಸಾಗರದ ಸಮೀಪದ ಹೆಗ್ಗೋಡಿನಲ್ಲಿ. 1949ರಲ್ಲಿ ಹುಟ್ಟಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಅಲ್ಲಿ ಕಳೆದ ದಿನಗಳಲ್ಲಿ ಅಭಿನಯದ ಜೊತೆಗೆ ರಂಗದ ಕಸ ಗುಡಿಸುವುದನ್ನೂ, ವಸ್ತ್ರ ಹೊಲಿಯುವುದನ್ನೂ, ದೀಪ ಕಟ್ಟುವುದನ್ನೂ ಕಲಿತೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ವಿದ್ಯೆಗೆ ಬೆಲೆಯಿದೆಯೆಂದು ನನಗೇ ನಂಬಿಕೆಯಿರಲಿಲ್ಲ. ಪ್ರಾಥಮಿಕ ಶಾಲೆಯೊಂದರಲ್ಲಿ ಬೋಧನಾ ಸಹಾಯಕಿಯಾಗಿ ಸೇರಿದೆ. ಒಂದು ದಿನ ಇತಿಹಾಸದ ಪಾಠಕ್ಕೆ ಶಿಕ್ಷಕಿಯೊಬ್ಬರು ಶಾಲು ಹೊದ್ದು, ಗಿರಣಿ ಕಾರ್ಮಿಕಳಾಗಿಯೇ ತರಗತಿಯನ್ನು ಪ್ರವೇಶಿಸಿದರು. ಮಕ್ಕಳು ಆಕೆಗೆ ಕೂಲಿಯ ಬಗ್ಗೆ ಪ್ರಶ್ನೆ ಕೇಳತೊಡಗಿದರು.

ಈ ಕ್ರಮವನ್ನು ಬೆಳೆಸಿದವರಲ್ಲಿ ಪ್ರಮುಖರು ಡೊರೊಥಿ ಹೀತ್‌ಕೋಟ್ ಎಂದು ಆಮೇಲೆ ತಿಳಿಯಿತು. ಇದೇ ಯಾರ್ಕ್‌ಷೈರಿನಲ್ಲಿ 14ನೆಯ ವಯಸ್ಸಿಗೆ ಶಾಲೆ ಬಿಟ್ಟು ಗಿರಣಿ ಸೇರಿದ್ದ ಆಕೆ, ಮುಂದೆ ಶಿಕ್ಷಣದಲ್ಲಿ ನಾಟಕವನ್ನು ಬಳಸುವ ವಿಧಾನಕ್ಕೆ ಜಗತ್ತಿನಾದ್ಯಂತ ಹೆಸರಾದರು. ನನಗೆ ದಾರಿ ಕಂಡದ್ದು ಅಲ್ಲಿ. ಇಲ್ಲಿ ರಂಗಭೂಮಿಯ ವೃತ್ತಿಯೆಂದರೆ ನಟನೆಯೊಂದೇ ಅಲ್ಲ. ಜಿಸಿಎಸ್‌ಇ ಮತ್ತು ಎ ಲೆವೆಲ್‌ಗಳಲ್ಲಿ ನಾಟಕವೂ ಒಂದು ವಿಷಯ. ಬೆಳಕು, ಧ್ವನಿ, ರಂಗನಿರ್ವಹಣೆ, ವೃದ್ಧಾಶ್ರಮಗಳಲ್ಲಿ ನಡೆಸುವ ಕಾರ್ಯಾಗಾರಗಳು, ಎಲ್ಲವೂ ಕಲಿತವರ ಕೈಗೆ ಸಿಗಬಹುದಾದ ಕೆಲಸಗಳೇ. ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆಂಬುದನ್ನು ಮರೆಮಾಚಲಾರೆ. ಬೇಸಿಗೆ ರಜೆಯಲ್ಲಿ ಶಾಲೆಗಳು ಮುಚ್ಚಿದರೆ ನನ್ನ ಗಳಿಕೆಯೂ ಮುಚ್ಚುತ್ತದೆ.

ಹದಿಹರೆಯದವರ ರಂಗಭೂಮಿಗೆ ಈ ನಾಡಿನಲ್ಲಿ ದೊಡ್ಡ ಪರಂಪರೆಯೇ ಇದೆ. 1956ರಲ್ಲಿ ಮೈಕೆಲ್ ಕ್ರಾಫ್ಟ್ ಎಂಬ ಶಿಕ್ಷಕ ಕಟ್ಟಿದ ನ್ಯಾಷನಲ್ ಯೂತ್ ಥಿಯೇಟರಿನಿಂದ ಹೆಲೆನ್ ಮಿರೆನ್, ಡೇನಿಯಲ್ ಕ್ರೇಗ್‌ರಂಥವರು ಬಂದಿದ್ದಾರೆ. ಆದರೆ ನಾನು ಕೆಲಸ ಮಾಡಿದ ತಂಡಗಳಲ್ಲಿ ನಮ್ಮ ಮಕ್ಕಳು ವಿರಳವಾಗಿದ್ದರು. ಈಜು, ಗಣಿತದ ಟ್ಯೂಷನ್, ಭರತನಾಟ್ಯಗಳ ನಡುವೆ ನಾಟಕಕ್ಕೆ ವಾರದಲ್ಲಿ ಜಾಗವಿರಲಿಲ್ಲ. ಆದ್ದರಿಂದ ಎಂಟು ಮಕ್ಕಳನ್ನು ಸೇರಿಸಿ, ಚರ್ಚೊಂದರ ಸಭಾಂಗಣವನ್ನು ಶನಿವಾರಗಳಂದು ಬಾಡಿಗೆಗೆ ಪಡೆದು ಆರಂಭಿಸಿಯೇಬಿಟ್ಟೆ.

ಆರಂಭಿಸುವುದೆಂದರೆ ಮೊದಲು ಕಾಗದಪತ್ರ. ಮಕ್ಕಳೊಡನೆ ದುಡಿಯುವವರ ಹಿನ್ನೆಲೆಯನ್ನು ಪರಿಶೀಲಿಸುವ ಡಿಬಿಎಸ್ ಪ್ರಮಾಣಪತ್ರ, ವಿಮೆ, ಮಕ್ಕಳ ಸುರಕ್ಷತೆಯ ಲಿಖಿತ ನಿಯಮಾವಳಿ ಇವೆಲ್ಲ ಮುಗಿಯದೆ ಕದ ತೆರೆಯುವಂತಿಲ್ಲ. ಪರವಾನಗಿ ಬೇಕಾದ ಪ್ರದರ್ಶನಗಳಲ್ಲಿ ಒಬ್ಬ ಮೇಲ್ವಿಚಾರಕರ ವಶಕ್ಕೆ 12ಕ್ಕಿಂತ ಹೆಚ್ಚು ಮಕ್ಕಳನ್ನು ಒಪ್ಪಿಸುವಂತಿಲ್ಲ. ಮೊದಮೊದಲು ಕಿರಿಕಿರಿಯೆನಿಸಿದರೂ, ಪರರ ಮಕ್ಕಳ ಹೊಣೆ ಎಷ್ಟು ದೊಡ್ಡದೆಂಬುದನ್ನು ಆ ನಿಯಮಗಳೇ ತಿಳಿಸುತ್ತವೆ.

ಮೊದಲ ನಾಟಕಕ್ಕೆ ಕಿಂದರಿಜೋಗಿಯ ಕಥೆಯನ್ನು ಆರಿಸಿಕೊಂಡೆವು. ಜರ್ಮನಿಯ ಹ್ಯಾಮೆಲಿನ್ ಊರಿನ ಐತಿಹ್ಯವನ್ನು ಇಂಗ್ಲಿಷ್ ಕವಿ ಬ್ರೌನಿಂಗ್ ಪದ್ಯವಾಗಿಸಿದ. ಅದನ್ನು ಕುವೆಂಪು ತುಂಗೆಯ ತೀರದ ಬೊಮ್ಮನಹಳ್ಳಿಗೆ ಕರೆತಂದರು. ಈಗ ಅದು ಲೀಡ್ಸಿನ ಏರ್ ನದಿಯ ದಡಕ್ಕೆ ಬರಲಿ ಎಂಬುದು ನಮ್ಮ ಆಸೆ. ಕನ್ನಡವೋ ಇಂಗ್ಲಿಷೋ ಎಂಬ ಚರ್ಚೆ ಎದ್ದಾಗ ಮಕ್ಕಳೇ ತೀರ್ಮಾನಿಸಿದರು: ಊರಿನ ಹಿರಿಯರು ಕನ್ನಡದಲ್ಲಿ ಮಾತನಾಡಲಿ, ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸಲಿ. "ನಮ್ಮ ಮನೆಯಲ್ಲಿ ಹೀಗೇ ಅಲ್ವಾ ಆಂಟಿ?" ಎಂದ ಒಬ್ಬ ಹುಡುಗ. ಕುಂಟುತ್ತ ಹಿಂದುಳಿದು, ಕಥೆ ಹೇಳಲು ಉಳಿಯುವ ಬಾಲಕನಿಗೆ ಮಾತ್ರ ಎರಡೂ ಭಾಷೆಗಳನ್ನು ಕೊಟ್ಟೆವು. ಆ ಪಾತ್ರ ಮಾಡಿದವಳು ತನ್ನ ಕನ್ನಡದ ಮಾತುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು ಕಲಿತಳು.

ಕೊಟ್ಟ ಮಾತಿಗೆ ತಪ್ಪುವ ಗೌಡನ ಪಾತ್ರ 15ರ ಹುಡುಗಿಯೊಬ್ಬಳದು. ತಾಲೀಮು ಅರ್ಧಕ್ಕೆ ಬಂದಾಗ ಅವಳ ತಂದೆ ಫೋನ್ ಮಾಡಿದರು. "ಅಕ್ಕಾ, ತಪ್ಪು ತಿಳೀಬೇಡಿ. ಬರೋ ಮೇ ತಿಂಗಳಲ್ಲಿ ಜಿಸಿಎಸ್‌ಇ. ಅವಳನ್ನ ಬಿಡಿಸ್ತೀನಿ." ಅವರ ಆತಂಕ ನನಗೆ ಅಪರಿಚಿತವಲ್ಲ, ನಾನು ಹೆಗ್ಗೋಡಿಗೆ ಹೊರಟಾಗ ನನ್ನ ಅಪ್ಪನ ಮುಖದಲ್ಲಿಯೂ ಅದೇ ಇತ್ತು. ಡಿಸೆಂಬರಿನ ಪ್ರದರ್ಶನದವರೆಗೆ ಬಿಡಿ, ಆಮೇಲೆ ಪರೀಕ್ಷೆ ಮುಗಿಯುವ ತನಕ ನಾನೇ ಅವಳನ್ನು ಕರೆಯುವುದಿಲ್ಲ, ಮುಗಿದ ಮೇಲೆ ನೀವು ಕಳುಹಿಸಬೇಕು ಎಂದೆ. ಅವರು ಒಪ್ಪಿದರು.

ಪ್ರದರ್ಶನದ ಸಂಜೆ, ಮಾತು ಮುರಿದ ಹಿರಿಯರ ಊರಿನಿಂದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಹೊರನಡೆದಾಗ ಸಭಾಂಗಣ ನಿಶ್ಶಬ್ದವಾಯಿತು. ಜೂನ್ ತಿಂಗಳಲ್ಲಿ ಪರೀಕ್ಷೆ ಮುಗಿದ ಶನಿವಾರ ಆ ತಂದೆಯೇ ಮಗಳನ್ನು ಕಾರಿನಲ್ಲಿ ಕರೆತಂದರು. "ನಾನು ಆ ಗೌಡ ಆಗಬಾರದಲ್ಲ ಅಕ್ಕಾ" ಎಂದು ನಕ್ಕರು.

ಅವಳೀಗ ಎ ಲೆವೆಲ್‌ನಲ್ಲಿ ಗಣಿತ, ಭೌತಶಾಸ್ತ್ರಗಳ ಜೊತೆಗೆ ನಾಟಕವನ್ನೂ ಓದುತ್ತಿದ್ದಾಳೆ. ವಿಶ್ವವಿದ್ಯಾಲಯದಲ್ಲಿ ಯಾವುದನ್ನು ಓದಬೇಕೆಂಬ ವಾದ ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ನಾನು ಅದರಲ್ಲಿ ತಲೆಹಾಕುವುದಿಲ್ಲ. ತಂಡದ ಎಲ್ಲರೂ ನಟರಾಗಬೇಕೆಂಬ ಹಂಬಲ ನನಗಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ಮಗು ಹತ್ತು ಜನರೆದುರು ನಿಂತು, ತನ್ನ ಮಾತನ್ನು ತಾನೇ ಆರಿಸಿ ಆಡುವಂತಾದರೆ ನನ್ನ ಕಸುಬು ಸಾರ್ಥಕ. ಈ ಸಲ ಹೆಸರು ನೋಂದಾಯಿಸಿದ ಮಕ್ಕಳಿಗೆ ಆ ಸಭಾಂಗಣ ಸಾಲದಾಗಿದೆ; ದೊಡ್ಡದೊಂದನ್ನು ಹುಡುಕುತ್ತಿದ್ದೇವೆ.