ಬಿಸಿಲು ನಮ್ಮದು, ಪಾಪಪ್ರಜ್ಞೆಯೂ ನಮ್ಮದೇ ಆಗಬೇಕಾ?

ಹವಾಮಾನ ಬದಲಾವಣೆ ಬಗ್ಗೆ ಓದುವ ನನ್ನ ವಯಸ್ಸಿನ ಬಹಳ ಮಂದಿಗೆ ಎರಡು ಭಾವನೆ ಒಟ್ಟಿಗೇ ಬರುತ್ತವೆ. ಒಂದು, ‘ಇದರಲ್ಲಿ ನನ್ನ ಪಾಲೂ ಇದೆಯಲ್ಲ’ ಅನ್ನೋ ಅಳುಕು. ಇನ್ನೊಂದು, ‘ಇಷ್ಟೆಲ್ಲ ಗೊತ್ತಿದ್ದೂ ಯಾರೂ ಏನೂ ಮಾಡ್ತಿಲ್ಲವಲ್ಲ’ ಅನ್ನೋ ಸಿಟ್ಟು. ನಾನು ಆಳಂದ ತಾಲ್ಲೂಕಿನ ನಿಂಬರ್ಗಾದವನು, ಕೆಲಸ ಮಾಡೋದು ಬೆಂಗಳೂರಿನಲ್ಲಿ. ಈ ಅಳುಕು, ಸಿಟ್ಟು ಎರಡನ್ನೂ ನಮ್ಮ ಕಡೆಯ ಎರಿ ಹೊಲದಲ್ಲಿ ನಿಲ್ಲಿಸಿ, ಯಾರ ಪಾಲು ಎಷ್ಟು ಅಂತ ಲೆಕ್ಕ ಹಾಕಿ ನೋಡೋಣ.

ನಮ್ಮ ಕಡೆ ಆಗಿದ್ದೇನು?

2020ರ ಅಕ್ಟೋಬರ್‌ನಲ್ಲಿ ಭಾರಿ ಮಳೆಯ ಜೊತೆಗೆ ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ಬಿಟ್ಟ ನೀರು ಭೀಮೆಗೆ ಸೇರಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳು ಮುಳುಗಿದವು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು, ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗಿತು. 2023ರಲ್ಲಿ ಬರ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಮತ್ತೆ ಉಕ್ಕಿದಳು. ಐದು ವರ್ಷದೊಳಗೆ ಹೊಳೆ, ರೋಗ, ಬರ, ಮತ್ತೆ ಹೊಳೆ. 2019ರಲ್ಲಿ ಜಿಐ ಮಾನ್ಯತೆ ಸಿಕ್ಕ ಕಲಬುರಗಿ ತೊಗರಿ ಬೆಳೆಯುವ ರೈತರ ಪಾಡು ಇದು.

ಬರ ಮತ್ತು ನೆರೆ ಎರಡೂ ಒಂದೇ ಕಾರಣಕ್ಕೆ ಹೇಗೆ ಹೆಚ್ಚಾಗ್ತವೆ? ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳಬಲ್ಲದು. ಮಳೆ ಇಲ್ಲದ ದಿನ ಅದೇ ಗಾಳಿ ಮಣ್ಣಿನ ತೇವವನ್ನು ಹೆಚ್ಚು ಹೀರುತ್ತದೆ. ಮಳೆ ಬಂದ ದಿನ ಹಿಡಿದಿದ್ದೆಲ್ಲವನ್ನೂ ಒಮ್ಮೆಲೇ ಸುರಿಯುತ್ತದೆ. ಪ್ರತಿ ನೆರೆಗೂ ಪ್ರತಿ ರೋಗಕ್ಕೂ ಹವಾಮಾನ ಬದಲಾವಣೆಯೇ ಕಾರಣ ಅನ್ನಲು ಬರೋದಿಲ್ಲ. ಜಲಾಶಯದ ನಿರ್ವಹಣೆ, ಬೀಜ, ಬೆಳೆ ಬದಲಿಸದಿರುವುದು ಎಲ್ಲವೂ ಸೇರುತ್ತವೆ. ಆದರೆ ಪಗಡೆಯ ದಾಳ ಮೊದಲಿನಂತಿಲ್ಲ, ಒಂದು ಕಡೆಗೆ ವಾಲಿದೆ.

ಅಳುಕು ಎಲ್ಲಿಂದ ಬಂತು?

ನಮ್ಮ ಕಾಕಾ ಇದಕ್ಕೆಲ್ಲ ಒಂದೇ ಮಾತು ಹೇಳ್ತಾರೆ: “ನಾವೇ ಏನೋ ಪಾಪ ಮಾಡೀವಿ ತಮ್ಮಾ, ಅದಕ್ಕ ಮಳಿರಾಯ ಸಿಟ್ಟಾಗ್ಯಾನ.” ಎಳ್ಳಮಾಸಿ ದಿನ ಹೊಲದ ತುಂಬ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸುವ ಮನುಷ್ಯ. ಅವರು ಯಾವ ಪಾಪ ಮಾಡಿದ್ದಾರೆ?

ಇಂಗ್ಲಿಷ್ ಓದಿದ ನನ್ನಂಥವರು ಇದೇ ಮಾತನ್ನು ಬೇರೆ ಭಾಷೆಯಲ್ಲಿ ಹೇಳ್ತೀವಿ: ‘ನನ್ನ ಕಾರ್ಬನ್ ಫುಟ್‌ಪ್ರಿಂಟ್’. ಈ ಪದವನ್ನು ಮನೆಮಾತು ಮಾಡಿದ್ದು ಬ್ರಿಟನ್ನಿನ ತೈಲ ಕಂಪನಿ ಬಿಪಿ. 2000ದ ದಶಕದಲ್ಲಿ ಅದು ಭಾರಿ ಜಾಹೀರಾತು ಅಭಿಯಾನ ನಡೆಸಿ, ‘ನಿಮ್ಮ ಪಾಲು ಎಷ್ಟು, ನೀವೇ ಲೆಕ್ಕ ಹಾಕಿ’ ಅಂತ ಜನರ ಕೈಗೆ ಕ್ಯಾಲ್ಕುಲೇಟರ್ ಕೊಟ್ಟಿತು. ಎಣ್ಣೆ ತೆಗೆದು ಮಾರುವವರು, ಅದನ್ನು ಸುಡುವವರ ಮನಸ್ಸಿನಲ್ಲಿ ಅಳುಕು ಹುಟ್ಟಿಸಿದರು. ಕಾಕಾನ ಪಾಪವೂ ನನ್ನ ಫುಟ್‌ಪ್ರಿಂಟೂ ಮಾಡೋ ಕೆಲಸ ಒಂದೇ: ದೊಡ್ಡ ಪಾಲುದಾರ ಕಣ್ಣಿಗೆ ಬೀಳದಂತೆ ಮಾಡೋದು.

ಲೆಕ್ಕ ಏನು ಹೇಳುತ್ತೆ?

ಭಾರತದಲ್ಲಿ ಒಬ್ಬರ ತಲೆಗೆ ವರ್ಷಕ್ಕೆ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 2 ಟನ್. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗಿಂತ ಜಾಸ್ತಿ, ಅಮೆರಿಕದ್ದು ಸುಮಾರು ಏಳು ಪಟ್ಟು. 2017ರ ‘ಕಾರ್ಬನ್ ಮೇಜರ್ಸ್’ ವರದಿ ಪ್ರಕಾರ, 1988ರ ನಂತರದ ಕೈಗಾರಿಕಾ ಹಸಿರುಮನೆ ಅನಿಲಗಳಲ್ಲಿ ಶೇ 71ರಷ್ಟು ಬರೇ 100 ಪಳೆಯುಳಿಕೆ ಇಂಧನ ಉತ್ಪಾದಕರಿಗೆ ಸಂಬಂಧಿಸಿದ್ದು. ಜಗತ್ತಿನ ಶೇ 1ರಷ್ಟು ಅತಿ ಶ್ರೀಮಂತರು, ತಳದ ಶೇ 66ರಷ್ಟು ಬಡವರು ಎಲ್ಲ ಸೇರಿ ಉಗುಳುವಷ್ಟೇ ಇಂಗಾಲ ಉಗುಳುತ್ತಾರೆ ಅಂತ ಆಕ್ಸ್‌ಫ್ಯಾಮ್ 2023ರಲ್ಲಿ ಲೆಕ್ಕ ಕೊಟ್ಟಿತು.

ಹಾಗಂತ ನಾನು ಪೂರಾ ನಿರಪರಾಧಿ ಅಂತಲ್ಲ. ಸಂಬಳ ಬಂದ ಮೇಲೆ ನನ್ನ ಪಾಲು ಬೆಳೆದಿದೆ. ಊರಲ್ಲಿ ಜೋಳ ಕೊಯ್ಯುವ ಹೆಣ್ಣುಮಗಳ ಪಾಲಿಗಿಂತ ಖಂಡಿತ ಜಾಸ್ತಿ. ಫ್ಯಾನ್ ಆರಿಸೋದು ನನ್ನ ಕೈಲಿದೆ. ಆದರೆ ಆ ಕರೆಂಟು ರಾಯಚೂರಿನ ಶಕ್ತಿನಗರದ ಕಲ್ಲಿದ್ದಲಿನಿಂದ ಬರಬೇಕೋ, ಬಿಸಿಲಿನಿಂದ ಬರಬೇಕೋ ಅನ್ನೋದು ನನ್ನ ಸ್ವಿಚ್‌ನಲ್ಲಿಲ್ಲ. ಅದು ಸರ್ಕಾರದ ನೀತಿಯಲ್ಲಿದೆ. ಅಳುಕನ್ನು ಸ್ವಿಚ್ ಹತ್ತಿರವೇ ಮುಗಿಸಿದರೆ ನೀತಿ ಮಾಡುವವರು ಆರಾಮಾಗಿರ್ತಾರೆ.

ಸಿಟ್ಟು ಯಾರ ಮೇಲೆ?

ಪ್ಯಾರಿಸ್ ಒಪ್ಪಂದ ಆಗಿದ್ದು 2015ರಲ್ಲಿ. ತಾಪಮಾನ ಏರಿಕೆಯನ್ನು 1.5 ಡಿಗ್ರಿಗೆ ತಡೆಯುವ ಪ್ರಯತ್ನ ಮಾಡ್ತೀವಿ ಅಂದರು. 2024 ಆ ಗೆರೆ ದಾಟಿದ ಮೊದಲ ವರ್ಷ. 2025ರಲ್ಲಿ ಬ್ರೆಜಿಲ್‌ನ ಬೆಲೆಂ ಸಮಾವೇಶದ ಅಂತಿಮ ಪಠ್ಯದಲ್ಲಿ ‘ಪಳೆಯುಳಿಕೆ ಇಂಧನ’ ಎಂಬ ಪದವೇ ಇರಲಿಲ್ಲ.

ದೂರದ ಮಾತು ಬಿಡಿ. 2023ರ ಬರಕ್ಕೆ ರಾಜ್ಯ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್ ಕೊನೆಗೆ ಬಂದಿದ್ದು 3,454 ಕೋಟಿ. ಅಷ್ಟೊತ್ತಿಗೆ ಮುಂದಿನ ಬಿತ್ತನೆ ಹತ್ತಿರ ಬಂದಿತ್ತು. ಬೀಜಕ್ಕೆ ದುಡ್ಡಿಲ್ಲದವರು ಪುಣೆ, ಮುಂಬೈಗೆ ಗುಳೆ ಹೋಗದೆ ಇನ್ನೇನು ಮಾಡ್ತಾರೆ?

ಬಿಸಿಲಿನ ವಿಚಾರದಲ್ಲಿ ರಾಜ್ಯವೂ ಹಾಗೇ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ. ಒಳ್ಳೇದೇ. ಹಾಗಂದರೆ ಮಧ್ಯಾಹ್ನದ ಬಿಸಿಲು ಅಪಾಯ ಅಂತ ಸರ್ಕಾರವೇ ಒಪ್ಪಿಕೊಂಡಂಗಾಯ್ತು. ಇಟ್ಟಂಗಿ ಭಟ್ಟಿಯಲ್ಲಿ, ಖಾಸಗಿ ಹೊಲದಲ್ಲಿ ದಿನಗೂಲಿಗೆ ದುಡಿಯುವವರಿಗೆ ಇಂಥ ರಕ್ಷಣೆ ಎಲ್ಲಿದೆ?

ಹಾಗಾದರೆ ಮಾಡೋದೇನು?

2024ರ ಮಾರ್ಚ್‌ನಲ್ಲಿ ಎಂ.ಕೆ. ರಂಜಿತ್‌ಸಿಂಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಯಡಿ ಜನರ ಹಕ್ಕು ಅಂತ ಹೇಳಿತು. ಹಕ್ಕು ಅಂದಮೇಲೆ ಬೇಡಬೇಕಿಲ್ಲ, ಕೇಳಬೇಕು. ಎಲ್ಲಿ, ಏನು ಕೇಳಬೇಕು?

ಒಂದು, ಬೆಳೆ ವಿಮೆ. ವಿಮೆಯ ಹಣ ನಿಮ್ಮೊಬ್ಬರ ಹೊಲ ನೋಡಿ ಬರೋದಿಲ್ಲ. ಬೆಳೆ ಕಟಾವು ಪ್ರಯೋಗದಲ್ಲಿ ಸಿಕ್ಕ ಇಡೀ ಘಟಕದ ಸರಾಸರಿ ನೋಡಿ ಬರುತ್ತೆ. ಆ ಪ್ರಯೋಗ ಯಾವ ಹೊಲದಲ್ಲಿ, ಯಾವ ದಿನ ನಡೀತು ಅಂತ ಊರಿನ ಹುಡುಗರು ಹೋಗಿ ನೋಡಬೇಕು. ಹೊಲದಲ್ಲಿ ನೀರು ನಿಂತು ಹಾಳಾದರೆ 72 ಗಂಟೆಯೊಳಗೆ ದೂರು ಕೊಡಬೇಕು.

ಎರಡು, ಮಳೆಯ ಲೆಕ್ಕ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ನಿಮ್ಮ ಪಂಚಾಯಿತಿಯದ್ದು ಕೆಲಸ ಮಾಡ್ತಿದೆಯಾ? ಪರಿಹಾರದ ವಾದಕ್ಕೆ ಅದೇ ಸಾಕ್ಷಿ.

ಮೂರು, ಮಂಡಳಿಯ ದುಡ್ಡು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್‌ನಲ್ಲಿ ಘೋಷಿಸಿದ್ದು 5,000 ಕೋಟಿ. ಅದರಲ್ಲಿ ಕೃಷಿಹೊಂಡಕ್ಕೆ, ಒಡ್ಡಿಗೆ, ಶಾಲೆ-ಆಸ್ಪತ್ರೆಯ ನೆರಳಿಗೆ ಎಷ್ಟು ಅಂತ ಗ್ರಾಮಸಭೆಯಲ್ಲಿ, ಶಾಸಕರ ಮುಂದೆ ಕೇಳಬೇಕು.

ಇದರಿಂದ ಭೂಮಿಯ ತಾಪ ಇಳಿಯೋದಿಲ್ಲ ಅಂತ ನೀವು ಹೇಳಬಹುದು. ನಿಜ. ಆದರೆ ಇಂಗಾಲ ಉಗುಳಿದವರ ಬಿಲ್ಲನ್ನು ತೊಗರಿ ಬೆಳೆಯುವವರು ಒಬ್ಬರೇ ಕಟ್ಟೋದು ತಪ್ಪುತ್ತೆ. ಗ್ರಾಮಸಭೆಯಲ್ಲಿ ಲೆಕ್ಕ ಕೇಳಿ ರೂಢಿಯಾದ ಊರು, ನಾಳೆ ವೋಟು ಕೇಳಲು ಬಂದವರಿಗೆ ಕಲ್ಲಿದ್ದಲಿನ ಪ್ರಶ್ನೆಯನ್ನೂ ಹಾಕೀತು. ಅಳುಕು ನಮ್ಮನ್ನು ಒಬ್ಬೊಬ್ಬರನ್ನಾಗಿ ಕೂರಿಸುತ್ತೆ. ಲೆಕ್ಕ ಕೇಳೋಕೆ ಹತ್ತು ಮಂದಿ ಒಟ್ಟಿಗೆ ಹೋಗಬೇಕಾಗುತ್ತೆ.